ಟ್ರ್ಯಾಕ್ಟರು: ನಡೆಸುವ ರೀತಿ, ಕಾಯುವ ರೀತಿ

ಒಕ್ಕಲುತನವೇ ನಮ್ಮ ಭಾಗದ ಬಾಳುವೆ. ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ತಾಲೂಕುಗಳಲ್ಲಿ ಮುಂಗಾರಿಗೆ ಸೋಯಾಬೀನ್, ಉದ್ದು, ಹೆಸರು, ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ನೀರಿದ್ದವರಿಗೆ ಕಬ್ಬು. ಹಿಂದೆ ಈ ಕೆಲಸವನ್ನೆಲ್ಲ ಎತ್ತುಗಳು ಮಾಡುತ್ತಿದ್ದವು. ಹೆಸರಾದ ದೇವಣಿ ತಳಿ ಹಳೆಯ ಉದಗೀರ ತಾಲೂಕಿನ ದೇವಣಿ ಊರಿನಿಂದಲೇ ಹೆಸರು ಪಡೆದದ್ದು. ಈಗಲೂ ಕನ್ನಡ ಮನೆಗಳಲ್ಲಿ ಕಾರಹುಣ್ಣಿಮೆಗೂ ಮರಾಠಿ ಮನೆಗಳಲ್ಲಿ ಪೋಳಾಕ್ಕೂ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಎತ್ತು ಕಟ್ಟುವ ಗೂಟದ ಬಳಿ ಇಂದು ಟ್ರ್ಯಾಕ್ಟರು ನಿಂತಿದೆ. ಸ್ವಂತದ್ದು ಇಲ್ಲದವರು ಬಾಡಿಗೆಗೆ ತರಿಸುತ್ತಾರೆ. ಒಟ್ಟಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳದ ಮಗು ನಮ್ಮ ಶಾಲೆಯಲ್ಲಿ ಒಂದೂ ಇರಲಾರದು.

ಕನ್ನಡ ಕಲಿಸುವವರು ಟ್ರ್ಯಾಕ್ಟರಿನ ಮಾತೇಕೆ ಎತ್ತಿದರು ಎಂದು ಪಾಲಕರು ಕೇಳಬಹುದು. ಯಂತ್ರದ ಜೊತೆ ಕಂಪನಿಯವರು ಕೊಡುವ ಪುಸ್ತಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮರಾಠಿಯಲ್ಲೋ ಇರುತ್ತದೆ. ಅದು ಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಟ್ರಂಕಿನೊಳಗೆ ಸೇರುತ್ತದೆ. ಮತ್ತೆ ಹೊರಬರುವುದು ಕಡಿಮೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಇಂಗ್ಲಿಷು ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಮ್ಮ ವಿದ್ಯಾರ್ಥಿಗಳು ಆ ಪುಸ್ತಕವನ್ನು ಅಪ್ಪ ಕಾಕಾರಿಗೆ ಓದಿ ಹೇಳಬಲ್ಲರು. ಅವರಿಗೆ ನೆರವಾಗಲೆಂದು, ಪುಸ್ತಕ ಓದಿ, ಮಿಸ್ತ್ರಿಗಳನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಎತ್ತಿಗೂ ಯಂತ್ರಕ್ಕೂ ಇರುವ ಭೇದ

ಎತ್ತಿಗೆ ಕಣ್ಣುಂಟು. ರಂಟೆ ಹೊಡೆಯುವವನು ಎಡವಿ ಬಿದ್ದರೆ ಪಳಗಿದ ಎತ್ತು ನಿಲ್ಲುತ್ತದೆ. ಬಂಡಿಯ ಮುಂದೆ ಕೂಸು ಬಂದರೆ ಹಿಂಜರಿಯುತ್ತದೆ. ಬಾವಿಯ ದಂಡೆ ಅದಕ್ಕೆ ಗೊತ್ತು. ಯಂತ್ರಕ್ಕೆ ಇದಾವುದೂ ಇಲ್ಲ. ನಡೆಸುವವನು ಆಸನದ ಮೇಲೆ ಇರಲಿ, ಬಿದ್ದು ಗಾಲಿಯ ಕೆಳಗೆ ಸಿಕ್ಕಿರಲಿ, ಅದು ಒಂದೇ ಬಲದಿಂದ ಮುಂದೆ ಸಾಗುತ್ತದೆ. ಎತ್ತಿನ ಕಾಲದಲ್ಲಿ ಕಲಿತ ಸಲಿಗೆಯನ್ನು ಯಂತ್ರದ ಕಾಲಕ್ಕೂ ತಂದುಕೊಂಡಿದ್ದೇವೆ. ನಡೆಯುವ ಬಂಡಿಯಿಂದ ಇಳಿಯುವುದು, ಹತ್ತುವುದು, ನೊಗದ ಮೇಲೆ ಕೂಸನ್ನು ಕೂಡಿಸಿಕೊಳ್ಳುವುದು ಇವೆಲ್ಲ ಅಂದು ನಡೆಯುತ್ತಿತ್ತು. ಇಂದಿನ ಹೆಚ್ಚಿನ ಅನಾಹುತಗಳ ಬೇರು ಈ ಸಲಿಗೆಯೇ ಎಂದು ನಮಗೆ ತೋರುತ್ತದೆ.

ಯಂತ್ರಕ್ಕೆ ಕಣ್ಣು ಕೊಡುವ ಪ್ರಯತ್ನ ಬೇರೆ ದೇಶಗಳಲ್ಲಿ ಹಿಂದೆಯೇ ನಡೆದಿದೆ. ಅಮೇರಿಕೆಯಲ್ಲಿ ಮನೆಯಂಗಳದ ಹುಲ್ಲು ಕತ್ತರಿಸಲು ಯಂತ್ರಗಳಿವೆ. ತಳ್ಳಿಕೊಂಡು ಹೋಗುವ ಯಂತ್ರದ ಹಿಡಿಕೆಯಿಂದ ಕೈ ಬಿಟ್ಟರೆ 3 ಸೆಕೆಂಡಿನೊಳಗೆ ಅದರ ಅಲಗು ನಿಲ್ಲಬೇಕೆಂಬ ನಿಯಮ ಅಲ್ಲಿ 1982ರಲ್ಲಿ ಜಾರಿಗೆ ಬಂತು. ಮೇಲೆ ಕೂತು ನಡೆಸುವ ಯಂತ್ರಗಳಲ್ಲಿ ಆಸನದ ಕೆಳಗೇ ಒಂದು ಸ್ವಿಚ್ಚು ಇರುತ್ತದೆ. ಕೂತವನು ಎದ್ದರೆ ಅಲಗು ತಾನಾಗಿ ನಿಲ್ಲುತ್ತದೆ. ಬರೀ ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಷ್ಟು ಎಚ್ಚರ! ನಮ್ಮ ಹೊಲದಲ್ಲಿ ಎರೆಮಣ್ಣಿನ ಹೆಂಟೆಯನ್ನೇ ಪುಡಿ ಮಾಡುವ ರೋಟಾವೇಟರಿನ ಮುಂದೆ, ಅದೂ ಮಡ್‌ಗಾರ್ಡಿನ ಮೇಲೆ, ನಾವು ಮಕ್ಕಳನ್ನು ಕೂಡಿಸುತ್ತೇವೆ. ನಮ್ಮಲ್ಲಿ ಓಡುವ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಅಂಥ ಸ್ವಿಚ್ಚು ಇಲ್ಲ. ಆದ್ದರಿಂದ ಆ ಸ್ವಿಚ್ಚಿನ ಕೆಲಸವನ್ನು ನಡೆಸುವವನ ಅಭ್ಯಾಸವೇ ಮಾಡಬೇಕು. ಅಭ್ಯಾಸ ಎರಡೇ: ಆಸನ ಒಂದಿದ್ದರೆ ಆಳೂ ಒಬ್ಬನೇ, ಕೆಳಗಿಳಿಯುವ ಮೊದಲು ಇಂಜಿನ್ ಬಂದ್.

ಮಡ್‌ಗಾರ್ಡು ಆಸನವಲ್ಲ. ಅದು ಗಾಲಿಯ ಕೆಸರು ತಡೆಯುವ ತಗಡು. ಅದರ ಮೇಲೆ ಕೂತವರಿಗೆ ಹಿಡಿಯಲು ಭದ್ರವಾದುದು ಇಲ್ಲ, ಕಾಲಿಡಲು ಸಮನಾದ ಜಾಗವಿಲ್ಲ. ಗಾಲಿ ಒಂದು ಬದುವನ್ನು ಹತ್ತಿ ಇಳಿದರೆ ಸಾಕು, ಕೂತವರು ಮುಂದಕ್ಕೆ ಜಾರುತ್ತಾರೆ. ಬೀಳುವುದು ಹಿಂದಿನ ದೊಡ್ಡ ಗಾಲಿಯ ಮುಂದೆ. ಅದು ದಾಟಿದ ಮೇಲೆ ಹಿಂದೆ ಇರುವುದು ರೋಟಾವೇಟರು. ನಡೆಸುವವನು ಕ್ಲಚ್ಚು ಒತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. “ನಮ್ಮ ಹುಡುಗ ಗಟ್ಟಿಯಾಗಿ ಹಿಡಿದು ಕೂಡುತ್ತಾನೆ ಗುರುಗಳೇ” ಎಂದು ಪಾಲಕರು ಹೇಳುವುದನ್ನು ಕೇಳಿದ್ದೇವೆ. ಹಿಡಿಯುವುದು ಹುಡುಗನ ಕೈ. ಅಲ್ಲಾಡಿಸುವುದು ಎರಡು ಸಾವಿರ ಕಿಲೋ ತೂಕದ ಕಬ್ಬಿಣ.

ಒಂದು ಲೆಕ್ಕ

ಎಂಟನೆಯ ಇಯತ್ತೆಯವರೂ ಮಾಡಬಹುದಾದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಹೊರಚಾಚಿದ, ಹಲ್ಲು ಕೆತ್ತಿದ ಒಂದು ದಂಡವಿದೆ. ಎಲ್ಲರೂ ಅದನ್ನು ಪಿಟಿಓ ಎನ್ನುತ್ತಾರೆ. ರಾಶಿ ಯಂತ್ರಕ್ಕೆ, ರೋಟಾವೇಟರಿಗೆ ಇಂಜಿನ್ನಿನ ಬಲ ಹೋಗುವುದು ಇದರಿಂದಲೇ. ಇದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಅಂದರೆ ಸೆಕೆಂಡಿಗೆ 9 ಸುತ್ತು. ದಂಡದ ವ್ಯಾಸ ಸುಮಾರು 35 ಮಿಲಿಮೀಟರ್. ಪರಿಧಿ ಸುಮಾರು 11 ಸೆಂಟಿಮೀಟರ್. 9ನ್ನು 11ರಿಂದ ಗುಣಿಸಿದರೆ 99. ಎಂದರೆ ಈ ದಂಡಕ್ಕೆ ಬಟ್ಟೆಯ ತುದಿ ಸಿಕ್ಕರೆ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಜೋಡಣೆಯ ಕೀಲು ದಂಡಕ್ಕಿಂತ ದಪ್ಪ; ಅಲ್ಲಿ ಸಿಕ್ಕರೆ ಇನ್ನೂ ಹೆಚ್ಚು. ಹೆಗಲ ಮೇಲಿನ ವಲ್ಲಿ, ಧೋತರದ ಚುಂಗು, ಸೀರೆಯ ಸೆರಗು, ಹೆಣ್ಣುಮಕ್ಕಳ ಓಢಣಿ, ಜಡೆ ಇವುಗಳಿಗೂ ಮೈಗೂ ಇರುವ ಅಂತರ ಎಷ್ಟು? ಒಂದು ಮೊಳವೂ ಇಲ್ಲ. ಅರ್ಧ ಸೆಕೆಂಡಿನಲ್ಲಿ ಬಟ್ಟೆ ಮುಗಿದು ಮೈಯ ಸರದಿ ಬರುತ್ತದೆ. “ಎಳೆದುಕೊಳ್ಳುತ್ತೇನೆ” ಎಂದು ಯೋಚಿಸುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಈ ದಂಡಕ್ಕೆ ಕಾರ್ಖಾನೆಯವರು ಪ್ಲಾಸ್ಟಿಕ್ಕಿನ ಕೊಳವೆಯಂಥ ಮುಸುಕನ್ನು ಹಾಕಿಯೇ ಕೊಡುತ್ತಾರೆ. ಟ್ರ್ಯಾಕ್ಟರಿನ ಮೇಲೂ ಒಂದು ತಗಡಿನ ಚಪ್ಪರವಿರುತ್ತದೆ. ಗ್ರೀಸು ಹಾಕಲು ಅಡ್ಡಿ ಎಂದು ಮೊದಲ ಹಂಗಾಮಿನಲ್ಲೇ ಅದನ್ನು ಬಿಚ್ಚಿ ಕೊಟ್ಟಿಗೆಯ ಮೂಲೆಗೆ ಎಸೆಯುತ್ತೇವೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಅಂಥದ್ದೊಂದು ಬಿದ್ದಿದೆಯೇ, ಹೋಗಿ ನೋಡಿರಿ. ಇದ್ದರೆ ಅಪ್ಪನವರಿಗೆ ಈ ಲೆಕ್ಕ ಮಾಡಿ ತೋರಿಸಿರಿ. ದಂಡ ತಿರುಗುತ್ತಿರುವಾಗ ಅದನ್ನು ದಾಟಿ ಆಚೆ ಹೋಗುವುದು ಎಂದಿಗೂ ಕೂಡದು. ಸುತ್ತು ಹಾಕಿಯೇ ಹೋಗಬೇಕು.

ರಾಶಿ ಯಂತ್ರದ ಮಾತೂ ಇಲ್ಲಿಯೇ ಬಂತು. ಸೋಯಾಬೀನ್, ತೊಗರಿಯ ರಾಶಿಯ ಕಾಲಕ್ಕೆ ನಮ್ಮ ಹಾಜರಿ ಪುಸ್ತಕ ಖಾಲಿ ಖಾಲಿ ಕಾಣುತ್ತದೆ. ಮಕ್ಕಳು ಎಲ್ಲಿರುತ್ತಾರೆಂಬುದು ನಮಗೆ ಗೊತ್ತು. ಸಿವುಡು ಕೊಡುವ ಕೆಲಸ ಹಗುರ ಎಂದು ಹುಡುಗರಿಗೆ ವಹಿಸುತ್ತಾರೆ. ಆದರೆ ಯಂತ್ರದ ಬಾಯಿಗೆ ಹತ್ತಿರ ನಿಲ್ಲುವ ಕೆಲಸ ಅದೊಂದೇ. ನಮ್ಮ ದೇಶದ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯದೆಯನ್ನು ಮಾಡಿತು. ಯಂತ್ರದಲ್ಲಿ ದುಡಿಯುವವರ ಕ್ಷೇಮಕ್ಕಾಗಿ, ಸತ್ತವರಿಗೆ ಗಾಯಗೊಂಡವರಿಗೆ ಪರಿಹಾರಕ್ಕಾಗಿ ಅದನ್ನು ಮಾಡಿದರು. ಅದರಲ್ಲಿ ರಾಶಿ ಯಂತ್ರದ ಹೆಸರು ಸ್ಪಷ್ಟವಾಗಿದೆ. ಸಿವುಡು ತಳ್ಳುವ ದೋಣಿ ಕಡಿಮೆಯೆಂದರೂ 90 ಸೆಂಟಿಮೀಟರ್ ಉದ್ದವಿರಬೇಕು, ಡ್ರಮ್ಮಿನ ಕಡೆಯ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು ಎಂಬುದು ಭಾರತೀಯ ಮಾನಕ. ದೊಡ್ಡವರು ಕೈ ಚಾಚಿದರೂ ಡ್ರಮ್ಮು ಮುಟ್ಟಬಾರದೆಂಬುದೇ ಅದರ ಉದ್ದೇಶ. ಬಾಡಿಗೆಗೆ ರಾಶಿ ಯಂತ್ರ ಕಣಕ್ಕೆ ಬಂದಾಗ ತಾಸಿಗೆ ಎಷ್ಟು ರೂಪಾಯಿ ಎಂದು ಕೇಳುವ ಮೊದಲು ಆ ದೋಣಿಯನ್ನು ಟೇಪಿನಿಂದ ಅಳೆದು ನೋಡಬೇಕು. ಕೈಯಲ್ಲಿ ಕಡಗ, ಗಡಿಯಾರ, ಸಡಿಲ ತೋಳು ಇರಬಾರದು. ಕೈಚೀಲ ಹಾಕಿಕೊಂಡು ಸಿವುಡು ಕೊಡುವುದು ಜಾಣತನವೆಂದು ಕೆಲವರು ತಿಳಿದಿದ್ದಾರೆ. ಅದು ಹಲ್ಲಿಗೆ ಸಿಕ್ಕರೆ ಕೈಯನ್ನೂ ಕೂಡಿಯೇ ಒಯ್ಯುತ್ತದೆ. ಸಿಕ್ಕಿಬಿದ್ದ ಸೊಪ್ಪನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಳ್ಳದೆ, ಇಂಜಿನ್ ಬಂದ್ ಮಾಡಿ, ಡ್ರಮ್ಮು ಪೂರ್ತಿ ನಿಂತ ಮೇಲೆ ಕೋಲಿನಿಂದ ತೆಗೆಯಬೇಕು. ಕಣಕಿ ಕತ್ತರಿಸುವ ಕಡಬಾ ಕುಟ್ಟಿಗೂ ಇದೇ ಮಾತು. ಅದನ್ನು ಕೊಟ್ಟಿಗೆಯಲ್ಲಿ ಕರೆಂಟಿನ ಮೋಟರಿನಿಂದ ನಡೆಸುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಅವರ ಸೆರಗನ್ನು ನಡುವಿಗೆ ಬಿಗಿದು ಕಟ್ಟಿಸಬೇಕು. ಕರೆಂಟು ಹೋಗಿ ಯಂತ್ರ ನಿಂತಾಗ ಸ್ವಿಚ್ಚು ತೆಗೆಯದೆ ಒಳಗೆ ಕೈ ಹಾಕಬಾರದು. ನಮ್ಮ ಭಾಗದಲ್ಲಿ ಕರೆಂಟು ಹೇಳಿ ಹೋಗುವುದೂ ಇಲ್ಲ, ಕೇಳಿ ಬರುವುದೂ ಇಲ್ಲ.

ಟ್ರ್ಯಾಕ್ಟರು ಮಗುಚುವುದು ಹೇಗೆ

ಮಳೆ ಬಿದ್ದ ಎರೆಭೂಮಿಯಲ್ಲಿ ಹಿಂದಿನ ಗಾಲಿ ಹುಗಿದು ನಿಂತಾಗ ಏನಾಗುತ್ತದೆ ಎಂಬುದನ್ನು ವಿಜ್ಞಾನದ ಗುರುಗಳನ್ನು ಕೇಳಿದರೆ ಹೀಗೆ ಹೇಳುತ್ತಾರೆ. ಇಂಜಿನ್ ಗಾಲಿಯನ್ನು ತಿರುಗಿಸಲು ನೋಡುತ್ತದೆ. ಗಾಲಿ ತಿರುಗದಿದ್ದರೆ ಆ ಬಲ ಸುಮ್ಮನಿರುವುದಿಲ್ಲ. ಹಿಂದಿನ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಮೈಯನ್ನೇ ತಿರುಗಿಸುತ್ತದೆ. ಮೂತಿ ಮೇಲೇಳುತ್ತದೆ. ಒಂದು ಮಿತಿ ದಾಟಿದರೆ ಹಿಂದಕ್ಕೆ ಉರುಳಿ ನಡೆಸುವವನ ಮೇಲೇ ಬೀಳುತ್ತದೆ. ಮೂತಿ ಎದ್ದಲ್ಲಿಂದ ಉರುಳುವವರೆಗೆ ಹಿಡಿಯುವ ಕಾಲ ಸುಮಾರು ಒಂದೂವರೆ ಸೆಕೆಂಡು. ನಮ್ಮವರು ಹುಗಿದ ಗಾಲಿಗೆ ಮರದ ದಿಮ್ಮಿಯನ್ನು ಹಗ್ಗದಿಂದ ಬಿಗಿಯುತ್ತಾರಲ್ಲ, ಅದು ಈ ಅಪಾಯವನ್ನು ಕೈಮುಗಿದು ಕರೆಯುವ ಕೆಲಸ. ಗಾಲಿಯ ಹಿಂಬದಿಯ ಮಣ್ಣು ಅಗೆದು, ರಿವರ್ಸಿನಲ್ಲಿ ಮೆಲ್ಲಗೆ ಹಿಂದೆ ತೆಗೆಯಬೇಕು. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಎಳೆಯುವ ಸರಪಳಿಯನ್ನು ಕೆಳಗಿನ ಕೊಕ್ಕೆಗೇ ಹಾಕಬೇಕು. ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೆ ಎಳೆತವೇ ಮೂತಿಯನ್ನು ಎತ್ತುತ್ತದೆ. ಸರಪಳಿ ಹರಿದರೆ ಚಾಟಿಯಂತೆ ಬಡಿಯುತ್ತದೆ. ನೋಡಲು ನೆರೆದ ಹುಡುಗರು ಅದರ ಉದ್ದಕ್ಕಿಂತ ದೂರ ನಿಲ್ಲಬೇಕು.

ಸ್ವೀಡನ್ ದೇಶದವರು 1959ರಲ್ಲಿಯೇ ಹೊಸ ಟ್ರ್ಯಾಕ್ಟರಿಗೆಲ್ಲ ಉರುಳಿದಾಗ ಕಾಯುವ ಕಬ್ಬಿಣದ ಚೌಕಟ್ಟು ಇರಲೇಬೇಕೆಂದು ಕಾಯದೆ ಮಾಡಿದರು. ಅದೇ 1959ರಲ್ಲಿ ನಮ್ಮ ದೇಶದಲ್ಲಿ ಐಷರ್ ಕಂಪನಿಯ ಮೊದಲ ಟ್ರ್ಯಾಕ್ಟರು ಫರೀದಾಬಾದಿನಲ್ಲಿ ತಯಾರಾಯಿತು. ಅವರು ಚೌಕಟ್ಟು ಕಡ್ಡಾಯ ಮಾಡಿದ ವರ್ಷ ನಾವು ಟ್ರ್ಯಾಕ್ಟರು ಮಾಡಲು ತೊಡಗಿದೆವು. ಹೊಸದು ಕೊಳ್ಳುವವರು ಮ್ಯೂಸಿಕ್ ಡೆಕ್ಕಿಗೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಈ ಚೌಕಟ್ಟಿಗೂ ಬೆಲ್ಟಿಗೂ ತೆಗೆದಿಡಬಾರದೇ? ಒಂದು ಮಾತು ನೆನಪಿರಲಿ: ಚೌಕಟ್ಟು ಇದ್ದರೆ ಬೆಲ್ಟು ಕಟ್ಟಬೇಕು, ಚೌಕಟ್ಟು ಇಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟು ಕಟ್ಟಬಾರದು. ಬಿಸಿಲಿಗೆಂದು ಕಟ್ಟಿದ ತಗಡಿನ ಮಾಡು ಚೌಕಟ್ಟಲ್ಲ.

ಪಕ್ಕಕ್ಕೆ ಉರುಳುವುದು ಬದುವಿನ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ, ರಸ್ತೆಯ ತಿರುವಿನಲ್ಲಿ. ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಟ್ರ್ಯಾಕ್ಟರಿಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಎಂದು ಎರಡು ಬ್ರೇಕು ಪೆಡಲುಗಳಿವೆ. ಸಾಲಿನ ಕೊನೆಗೆ ಚಿಕ್ಕ ಜಾಗದಲ್ಲಿ ತಿರುಗಿಸಲು ಅದು ಅನುಕೂಲ. ಹೊಲ ಬಿಟ್ಟು ರಸ್ತೆಗೆ ಬರುವ ಮೊದಲು ಅವೆರಡನ್ನೂ ಕೂಡಿಸುವ ಕೊಂಡಿಯನ್ನು ಹಾಕಲೇಬೇಕು. ಮರೆತು ಜೋರಿನಲ್ಲಿ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಹಾಕುವುದು ಇನ್ನೊಂದು ಕೆಟ್ಟ ಚಾಳಿ. ಹಿಂದೆ ತುಂಬಿದ ಟ್ರಾಲಿ ಇದ್ದರೆ ಅದು ಟ್ರ್ಯಾಕ್ಟರನ್ನೇ ನೂಕಿಕೊಂಡು ಹೋಗುತ್ತದೆ.

ಟ್ರಾಲಿಯಲ್ಲಿ ಜನ

ಇದನ್ನು ಬರೆಯಲು ಮನಸ್ಸು ಭಾರವಾಗುತ್ತದೆ. 2025ರ ಏಪ್ರಿಲ್ 4ರಂದು ನಮ್ಮ ನೆರೆಯ ನಾಂದೇಡ ಜಿಲ್ಲೆಯ ಆಲೇಗಾವ್ ಶಿವಾರದಲ್ಲಿ ಹೊಲದ ಕೂಲಿಗೆ ಹೊರಟ ಹೆಂಗಸರನ್ನು ಕೂಡಿಸಿಕೊಂಡಿದ್ದ ಟ್ರ್ಯಾಕ್ಟರು ಟ್ರಾಲಿಯ ಸಹಿತ ಬಾವಿಗೆ ಬಿತ್ತು. ಏಳು ಮಂದಿ ಹೆಂಗಸರು ನೀರುಪಾಲಾದರು. ನಮ್ಮ ಮೂರೂ ತಾಲೂಕುಗಳಲ್ಲಿ ಕಟ್ಟೆಯಿಲ್ಲದ ಬಾವಿಗಳು ಎಷ್ಟಿವೆ ಎಂಬುದು ನಿಮಗೇ ಗೊತ್ತು. ಹುಲ್ಲು ಬೆಳೆದರೆ ದಂಡೆ ಯಾವುದು, ಬಾವಿ ಯಾವುದು ತಿಳಿಯುವುದಿಲ್ಲ. ಬಾವಿಯ ಸುತ್ತ ಕಲ್ಲು ನೆಟ್ಟು ಸುಣ್ಣ ಬಳಿಯುವುದು ಒಂದು ದಿನದ ಕೆಲಸ. ಬಾವಿಯ ಕಡೆಗೆ ರಿವರ್ಸ್ ತೆಗೆಯುವಾಗ ಒಬ್ಬರು ಇಳಿದು, ನಡೆಸುವವನಿಗೆ ಕಾಣುವಂತೆ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಬೇಕು. ಟ್ರಾಲಿಯ ನೇರ ಹಿಂದೆ ನಿಲ್ಲಬಾರದು.

ಟ್ರಾಲಿ ಇರುವುದು ಮಾಲು ಸಾಗಿಸಲು. ಅದಕ್ಕೆ ಸ್ಪ್ರಿಂಗು, ಆಸನ ಇಲ್ಲ. ಹಲವಕ್ಕೆ ತನ್ನದೇ ಬ್ರೇಕೂ ಇಲ್ಲ. ಮದುವೆಗೆ, ಜಾತ್ರೆಗೆ, ಮುಖ್ಯವಾಗಿ ಎಳ್ಳಮಾವಾಸ್ಯೆಯ ದಿನ, ಬಜ್ಜಿ ಅಂಬಲಿಯ ಗಡಿಗೆಗಳ ಸಹಿತ ಮನೆ ಮಂದಿಯೆಲ್ಲ ಟ್ರಾಲಿ ಏರಿ ಹೊಲಕ್ಕೆ ಹೊರಡುತ್ತಾರೆ. ಹಬ್ಬ ಬೇಡವೆಂದು ನಾವು ಹೇಳುವವರಲ್ಲ. ಆ ದಿನ ನಾವೂ ಹೊಲದಲ್ಲಿ ಉಣ್ಣುವವರೇ. ಆದರೆ ಅಂದು ಬಂಡಿ ಇದ್ದವರು ಬಂಡಿ ಕಟ್ಟಲಿ, ಇಲ್ಲದವರು ನಡೆಯಲಿ, ಮುದುಕರು ರಿಕ್ಷಾದಲ್ಲಿ ಬರಲಿ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ರಸ್ತೆಯ ಮೇಲೆ ದೀಪವಿಲ್ಲದೆ ನಿಲ್ಲುವ ಜೋಡಿ ಟ್ರಾಲಿಗಳೂ ಸೈಕಲ್ ಮೋಟರಿನವರಿಗೆ ಯಮನ ಬಾಗಿಲು. ಹಿಂಬದಿಗೆ ಕೆಂಪು ರಿಫ್ಲೆಕ್ಟರು ಹಚ್ಚಲು ಹೆಚ್ಚಿನ ಖರ್ಚಿಲ್ಲ.

ನಡೆಸುವವನ ವಯಸ್ಸಿನ ಮಾತು. ಮೋಟಾರು ವಾಹನಗಳ ಕಾಯದೆ 1988ರ ಪ್ರಕಾರ 18 ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಟ್ರ್ಯಾಕ್ಟರು ನಡೆಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ, ಎಳೆಯನ ಕೈಗೆ ವಾಹನ ಕೊಟ್ಟು ಅಪರಾಧವಾದರೆ ಪಾಲಕರಿಗೆ ಮೂರು ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡ ಆಗಬಹುದು. ಒಂಬತ್ತನೆಯ ಇಯತ್ತೆಯ ಹುಡುಗ ಟ್ರ್ಯಾಕ್ಟರು ಹೊಡೆಯುತ್ತಾನೆಂದು ಅಭಿಮಾನ ಪಡುವ ಪಾಲಕರಿದ್ದಾರೆ. ಸ್ಟಿಯರಿಂಗು ತಿರುಗಿಸಲು ಬಲ ಬೇಕಿಲ್ಲದ್ದರಿಂದ ಹುಡುಗನಿಗೂ ಸಾಧ್ಯವೆನಿಸುತ್ತದೆ. ಗಂಡಾಂತರದ ಗಳಿಗೆಯಲ್ಲಿ ಏನು ಮಾಡಬೇಕೆಂಬ ತೀರ್ಮಾನಕ್ಕೆ ಮಾತ್ರ ವಯಸ್ಸು ಬೇಕು.

ಕಾಯುವ ರೀತಿ

ಹುಡುಗರ ಕೈಗೆ ಒಪ್ಪುವ ಕೆಲಸ ಇಲ್ಲಿದೆ. ಇಂಜಿನ್ ಆರಿದ ಟ್ರ್ಯಾಕ್ಟರನ್ನು ದೊಡ್ಡವರ ಜೊತೆಗೆ ನಿಂತು ನೋಡಿಕೊಳ್ಳುವುದು ಒಳ್ಳೆಯ ವಿದ್ಯೆ.

ಬೆಳಗ್ಗೆ ಚಾಲೂ ಮಾಡುವ ಮೊದಲು ಸಮನೆಲದಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಹಾಕಿ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೆ ಇಂಜಿನ್ ತಿಂದುಹೋಗುತ್ತದೆ, ಹೆಚ್ಚಾದರೂ ಕೆಡುಕೇ. ರೇಡಿಯೇಟರಿನ ನೀರನ್ನೂ ತಣ್ಣಗಿದ್ದಾಗಲೇ ನೋಡಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ರಾಶಿಯ ಕಾಲದಲ್ಲಿ ಹೊಟ್ಟು, ರವದಿ ಹಾರಿ ರೇಡಿಯೇಟರಿನ ಜಾಲರಿಗೆ ಮೆತ್ತಿಕೊಂಡು ಗಾಳಿ ಆಡದಂತೆ ಮಾಡುತ್ತವೆ. ಇಂಜಿನ್ ಏಕೆ ಕಾಯುತ್ತಿದೆ ಎಂದು ಮಿಸ್ತ್ರಿಯನ್ನು ಕರೆಸುವ ಮೊದಲು ಒಂದು ಬ್ರಶ್ಶಿನಿಂದ ಆ ಜಾಲರಿಯನ್ನು ಬಳಿದು ನೋಡಿರಿ. ಎಷ್ಟೋ ಸಲ ರೋಗ ಅಷ್ಟೇ.

ನಮ್ಮ ಎರೆಯ ಧೂಳು ಹಿಟ್ಟಿನಂತೆ ನುಣುಪು. ಅದು ಇಂಜಿನ್ನಿನೊಳಗೆ ಹೋದರೆ ಉಪ್ಪುಕಾಗದದಂತೆ ಉಜ್ಜಿ ಸವೆಸುತ್ತದೆ. ಅದನ್ನು ತಡೆಯುವುದು ಏರ್ ಕ್ಲೀನರು. ಎಣ್ಣೆಯ ಬಟ್ಟಲಿರುವ ಹಳೆಯ ಮಾದರಿಯಾದರೆ, ಬೇಸಿಗೆಯಲ್ಲಿ ನೇಗಿಲು ಹೊಡೆಯುವಾಗ ದಿನವೂ ಬಟ್ಟಲು ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ಚೆಲ್ಲಿ, ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಬೇಕು. ಕಾಗದದ ಫಿಲ್ಟರಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು. ನೀರು, ಡೀಸೆಲ್ ಹಾಕಿ ತೊಳೆಯಬಾರದು. ಇಂಜಿನ್ ಬಿಚ್ಚಿಸುವ ಖರ್ಚಿನಲ್ಲಿ ಎಷ್ಟು ಫಿಲ್ಟರು ಬರುತ್ತವೆ ಎಂಬುದನ್ನು ಮಿಸ್ತ್ರಿಯನ್ನೇ ಕೇಳಿರಿ.

ಡೀಸೆಲ್ಲನ್ನು ಸಂಜೆಯೇ ತುಂಬಿಸುವುದು ಒಳ್ಳೆಯದು. ಅರ್ಧ ಖಾಲಿಯಿದ್ದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಆವಿ ನೀರಾಗಿ ಇಳಿಯುತ್ತದೆ. ತುಂಬುವಾಗ ಇಂಜಿನ್ ಬಂದ್ ಇರಬೇಕು. ಬೀಡಿಯಂತೂ ಬೇಡವೇ ಬೇಡ. ಬ್ಯಾಟರಿಯ ಬಳಿಯೂ ಬೀಡಿ, ಕಡ್ಡಿಪೆಟ್ಟಿಗೆ ಕೂಡದು. ಅದರಿಂದ ಹೊರಡುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತದೆ. ವೈರು ಬಿಚ್ಚುವಾಗ ಋಣ ತುದಿಯನ್ನು ಮೊದಲು, ಹಾಕುವಾಗ ಅದನ್ನೇ ಕೊನೆಗೆ. ಹೈಡ್ರಾಲಿಕ್ ಪೈಪು ಸೋರುತ್ತಿದ್ದರೆ ಬೆರಳಿಟ್ಟು ನೋಡಬಾರದು. ಕಣ್ಣಿಗೆ ಕಾಣದ ಸಣ್ಣ ತೂತಿನಿಂದ ಬರುವ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಇಳಿಯುತ್ತದೆ. ಗಾಯ ಚುಚ್ಚಿದಷ್ಟೇ ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸೋರುವ ಜಾಗ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಎತ್ತಿ ನಿಲ್ಲಿಸಿದ ನೇಗಿಲು, ರೋಟಾವೇಟರುಗಳ ಕೆಳಗೆ ಮರದ ದಿಮ್ಮಿ ಕೊಡದೆ ತಲೆ ಹಾಕಬಾರದು.

ಸ್ಟಾರ್ಟರು ಕೆಟ್ಟಾಗ ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಚಾಲೂ ಮಾಡುವ ಚಮತ್ಕಾರವನ್ನು ಊರೂರಲ್ಲಿ ನೋಡುತ್ತೇವೆ. ಗೇರು ಬಿದ್ದಿದ್ದರೆ ಟ್ರ್ಯಾಕ್ಟರು ಆ ಕ್ಷಣವೇ ಮುಂದೆ ನೆಗೆಯುತ್ತದೆ. ನಿಂತವನು ಇರುವುದು ಸರಿಯಾಗಿ ಹಿಂದಿನ ಗಾಲಿಯ ಮುಂದೆ. ಚಾಲೂ ಮಾಡುವುದೇನಿದ್ದರೂ ಆಸನದ ಮೇಲೆ ಕೂತು, ಕ್ಲಚ್ಚು ಒತ್ತಿ, ಗೇರು ನ್ಯೂಟ್ರಲ್ ನೋಡಿಕೊಂಡೇ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಬಾರದು. ಅದರ ಹೊಗೆಗೆ ದನಗಳೂ ಉಳಿಯಲಾರವು.

ಗ್ರೀಸು, ಬೋಲ್ಟು, ಟಾಯರಿನ ಗಾಳಿ, ಬೆಲ್ಟಿನ ಬಿಗಿ ಇವುಗಳ ಲೆಕ್ಕ ಪುಸ್ತಕದಲ್ಲಿದೆ. ಓಡಿದ ತಾಸುಗಳನ್ನು ತೋರಿಸುವ ಮೀಟರು ಟ್ರ್ಯಾಕ್ಟರಿನಲ್ಲಿಯೇ ಇದೆ. ಒಂದು ಹಳೆಯ ನೋಟುಬುಕ್ಕಿನಲ್ಲಿ ತಾರೀಕು, ತಾಸು, ಮಾಡಿದ ಕೆಲಸ ಎಂದು ಮೂರು ಗೆರೆ ಎಳೆದು ಬರೆದಿಡುವ ಕೆಲಸವನ್ನು ಮನೆಯ ಶಾಲೆಯ ಮಗು ವಹಿಸಿಕೊಳ್ಳಲಿ, ಗಂಡಾಗಲಿ ಹೆಣ್ಣಾಗಲಿ. ಖಂಡೆ ಪೂಜೆಯ ದಿನ ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಡುತ್ತೇವೆ. ಅದೇ ದಿನ ನಾಲ್ಕೂ ಗಾಲಿಗಳ ನಟ್ಟುಗಳನ್ನು ಪಾನ ಹಾಕಿ ಬಿಗಿದು ನೋಡಿದರೆ ಪೂಜೆಗೆ ಕುಂದೇನೂ ಬರಲಾರದು.

ಇಷ್ಟಾಗಿಯೂ ಅನಾಹುತವಾದರೆ ಮೊದಲು ಇಂಜಿನ್ ಬಂದ್ ಮಾಡಬೇಕು, ಆಮೇಲೆ ಕೂಗಬೇಕು. ಆದ್ದರಿಂದ ಟ್ರ್ಯಾಕ್ಟರು ನಡೆಸದಿದ್ದರೂ ಬಂದ್ ಮಾಡುವುದು ಹೇಗೆಂದು ಮನೆಯ ಪ್ರತಿಯೊಬ್ಬರಿಗೂ, ಅಜ್ಜಿಗೂ, ಗೊತ್ತಿರಬೇಕು. ಸಿಕ್ಕ ಕೈಯನ್ನು ಜಗ್ಗಬಾರದು. ಯಂತ್ರದ ಬೋಲ್ಟು ಬಿಚ್ಚಿ ತೆಗೆಯಬೇಕು. ರಕ್ತ ಹರಿಯುವಲ್ಲಿ ಶುಚಿಯಾದ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅರಿಸಿನ, ಚಹಾಪುಡಿ, ಮಣ್ಣು ಹಾಕಬಾರದು. ಬೆರಳು ಕತ್ತರಿಸಿ ಬಿದ್ದಿದ್ದರೆ ಅದನ್ನು ಒದ್ದೆ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬರ್ಫದ ಮೇಲಿಟ್ಟು ಗಾಯಾಳುವಿನ ಜೊತೆಯಲ್ಲೇ ಕಳಿಸಬೇಕು. ಬೆರಳಿಗೆ ನೇರವಾಗಿ ಬರ್ಫ ತಾಗಬಾರದು. 108ಕ್ಕೆ ಫೋನು ಮಾಡುವಾಗ ಊರ ಹೆಸರಿನ ಜೊತೆಗೆ ತಾಲೂಕು, ಹತ್ತಿರದ ಡಾಂಬರು ರಸ್ತೆ ಹೇಳಬೇಕು. ಗಡಿಯ ಊರಿನವರ ಫೋನು ಕೆಲವೊಮ್ಮೆ ಆಚೆಯ ರಾಜ್ಯದ ಟವರು ಹಿಡಿಯುತ್ತದೆ. ಮಹಾರಾಷ್ಟ್ರದ ಊರು ಎಂದು ಮೊದಲೇ ಹೇಳಿದರೆ ಹೊತ್ತು ಉಳಿಯುತ್ತದೆ.

ಸಂಜೆ ಕೆಲಸ ಮುಗಿದ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ನೇಗಿಲನ್ನು ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕು ಹಾಕಿ, ಇಂಜಿನ್ ಬಂದ್ ಮಾಡಿ, ಕೀಲಿ ಕೈಗೆ ತೆಗೆದುಕೊಂಡು ಇಳಿಯಬೇಕು. ಆ ಕೀಲಿಗೆ ಗೋಡೆಯಲ್ಲಿ ಒಂದು ಮೊಳೆ ಇರಲಿ. ಮನೆಯ ಸಣ್ಣ ಮಗು ಮಂಚ ಹತ್ತಿ ಕೈ ಚಾಚಿದರೂ ಎಟುಕದಷ್ಟು ಮೇಲೆ ಅದನ್ನು ಹೊಡೆಯಬೇಕು.